ಬಾಗಿಲ ತೂತಿನಿಂದ ಶುರು ಮಾಡು

ಪ್ರೀತಿಯ ತಂಗೀ,

ನ್ಯೂಯಾರ್ಕ್ ವೀಕ್ಲಿ ಜರ್ನಲ್ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಶ್ರಮಪಟ್ಟಿದ್ದೀಯ. ಆದರೆ ಮೊದಲ ಪುಟದಲ್ಲೇ 'ಪತ್ರಿಕಾ ಸ್ವಾತಂತ್ರ್ಯ' ಏಳು ಸಲ ಬಂದಾಗ ಆಕಳಿಕೆ ತಡೆಯಲಾಗಲಿಲ್ಲ, ಬೇಜಾರಾಗಬೇಡ.

1733ರ ನವೆಂಬರ್ 5ಕ್ಕೆ ಹೊರಟ ಆ ವಾರಪತ್ರಿಕೆಯ ಹಿಂದೆ ಇದ್ದವರು ಆಗ ಬ್ರಿಟಿಷರ ವಸಾಹತಾಗಿದ್ದ ನ್ಯೂಯಾರ್ಕಿನ ಗವರ್ನರ್ ಕಾಸ್ಬಿಯ ವಿರೋಧಿಗಳು. ಊರಿನ ಇನ್ನೊಂದು ಪತ್ರಿಕೆ, ಬ್ರಾಡ್‌ಫರ್ಡನ ಗೆಜೆಟ್, ಗವರ್ನರನ ಕಡೆ. ಜರ್ನಲ್‌ನಲ್ಲಿ ಸ್ವಾತಂತ್ರ್ಯದ ಮೇಲೆ ಉದ್ದುದ್ದ ಪ್ರಬಂಧಗಳೂ ಇದ್ದವು. ನನ್ನ ತಲೆಯಲ್ಲಿ ಉಳಿದಿರುವುದು ಮಾತ್ರ ಒಂದು ಹುಸಿ ಜಾಹೀರಾತು: ಐದಡಿ ಐದಿಂಚು ಎತ್ತರದ ಸ್ಪ್ಯಾನಿಯಲ್ ನಾಯಿಯೊಂದು ಬಾಯಿತುಂಬ ಹೊಗಳಿಕೆ ಕಚ್ಚಿಕೊಂಡು ಗೂಡಿನಿಂದ ತಪ್ಪಿಸಿಕೊಂಡಿದೆ, ಅಲೆಯುತ್ತಾ ಅದನ್ನೆಲ್ಲ ಗೆಜೆಟ್‌ನಲ್ಲಿ ಉದುರಿಸಿದೆ! ಗವರ್ನರನ ಭಟ್ಟಂಗಿ ಫ್ರಾನ್ಸಿಸ್ ಹ್ಯಾರಿಸನ್‌ನ ಮೇಲಿನ ಏಟು ಅದು. ನಿನ್ನ ಲೇಖನದಲ್ಲಿ ಈ ನಾಯಿ ಎಲ್ಲಿ?

ಇನ್ನೊಂದು ವಿಷಯ. ಬರೆಯುತ್ತಿದ್ದವರು ವಕೀಲ ಜೇಮ್ಸ್ ಅಲೆಕ್ಸಾಂಡರ್ ಮತ್ತವನ ಗೆಳೆಯರು, ಹೆಸರಿಲ್ಲದೆ. ಹೆಸರಿದ್ದದ್ದು ಮುದ್ರಕ ಜಾನ್ ಪೀಟರ್ ಜೆಂಗರ್‌ನದು. 1710ರಲ್ಲಿ ಜರ್ಮನಿಯಿಂದ ಬಂದ ಹುಡುಗ, ಇದೇ ಬ್ರಾಡ್‌ಫರ್ಡನ ಹತ್ತಿರ ಎಂಟು ವರ್ಷ ಕೆಲಸ ಕಲಿತವನು. 1734ರ ನವೆಂಬರ್ 17ಕ್ಕೆ ಸರ್ಕಾರದ ಮಾನ ಕಳೆಯುವ ಬರಹ ಅಚ್ಚು ಹಾಕಿದನೆಂಬ ಆರೋಪದ ಮೇಲೆ ಜೈಲಿಗೆ ಹೋದವನೂ ಅವನೇ. ಜಾಮೀನು 400 ಪೌಂಡ್. ಅಚ್ಚಿನ ಸಾಮಾನು, ಉಟ್ಟ ಬಟ್ಟೆ ಬಿಟ್ಟರೆ ತನ್ನ ಬಳಿ 40 ಪೌಂಡ್ ಕೂಡ ಇಲ್ಲವೆಂದು ಅವನು ಪ್ರಮಾಣ ಮಾಡಿದ. ಹೆಚ್ಚುಕಡಿಮೆ ಒಂಬತ್ತು ತಿಂಗಳು ಒಳಗೇ ಇದ್ದ.

ಆದರೂ ಪತ್ರಿಕೆ ತಪ್ಪಿದ್ದು ಒಂದೇ ಸೋಮವಾರ. ಮುಂದಿನ ಸಂಚಿಕೆಯಲ್ಲಿ ಜೆಂಗರ್ ಓದುಗರ ಕ್ಷಮೆ ಕೇಳಿದ, ಜೈಲಿನ ಬಾಗಿಲ ತೂತಿನಿಂದ ಹೆಂಡತಿಯ ಜೊತೆ ಮಾತಾಡಲು ಈಗ ಬಿಟ್ಟಿದ್ದಾರೆ ಎಂದ. ಆ ಹೆಂಡತಿ, ಆನಾ ಕ್ಯಾಥರಿನಾ, ವಾರವಾರವೂ ಅಚ್ಚು ಹಾಕಿಸಿದಳು. ಅವಳಿಗೆ ನೀನು ಕೊಟ್ಟದ್ದು ಒಂದು ಸಾಲು. ಜೆಂಗರ್ ಪರ ವಾದಿಸಿದ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್‌ಗೆ ನಾಲ್ಕು ಪುಟ!

1735ರ ಆಗಸ್ಟ್ 4ರ ವಿಚಾರಣೆ ಒಂದು ಪುಟಕ್ಕೆ ಮುಗಿಯುತ್ತದೆ. ಜೆಂಗರ್ ಅಚ್ಚು ಹಾಕಿದ್ದು ಹೌದು, ಆದರೆ ಅದರಲ್ಲಿದ್ದ ಮಾತೆಲ್ಲ ನಿಜ, ನಿಜ ಹೇಳುವುದು ಅಪರಾಧವೇ ಎಂದು ಹ್ಯಾಮಿಲ್ಟನ್ ವಾದಿಸಿದ. ನ್ಯಾಯಾಧೀಶ ಒಪ್ಪಲಿಲ್ಲ, ಜ್ಯೂರಿ ನಿರ್ದೋಷಿ ಎಂದಿತು. ಅಂದಿನಿಂದ ಕಾನೂನೇ ಬದಲಾಯಿತೆಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಬದಲಾಗಲಿಲ್ಲ.

ಗುಪ್ತನಾಮ ಹಾಕಲೇ ಎಂದು ಕೇಳಿದ್ದೆ. ಹಾಕು, ನನ್ನದೇನೂ ತಕರಾರಿಲ್ಲ. ಆದರೆ ಅದಕ್ಕೆ ಮುಂಚೆ ನಿನ್ನ ಸಂಪಾದಕರನ್ನು ಒಂದು ಮಾತು ಕೇಳು, ಕಾಗದದ ಮೇಲೆ ಇರುವುದು ಅವರ ಹೆಸರು.

ನಿನ್ನ ಅಕ್ಕ