ಕಾರ್ಟೂನ್ ವೀರರ ಬಲಕ್ಕೂ ಮಿತಿ ಬೇಕು

ಮಾನ್ಯರೇ,

ಆನಿಮೇಷನ್ ಸರಣಿಗಳಲ್ಲಿ ಯಾರ ಪವರ್ ಹೆಚ್ಚು ಎಂದು ಮಕ್ಕಳು ವಾದಿಸುತ್ತಿದ್ದರೆ ಕಾಲಹರಣ ಎಂದು ಗದರುವ ಹಿರಿಯರಿದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ಹಾಗೆನ್ನಬಾರದು. ಕರ್ಣ ಮೇಲೋ ಅರ್ಜುನ ಮೇಲೋ ಎಂಬ ವಾದವನ್ನು ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ನಿದ್ದೆಗೆಟ್ಟು ಕೇಳುವ ಊರು ಇದು. ಮಕ್ಕಳ ಚರ್ಚೆ ‘ಯಾರು ಗೆಲ್ಲುತ್ತಾರೆ’ ಎಂಬಲ್ಲೇ ನಿಂತುಬಿಡುತ್ತದೆ ಎಂಬುದಷ್ಟೇ ಕೊರತೆ. ಆ ಬಲ ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ ಎಂದೂ ಕೇಳಬೇಕು.

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ (2005–2008, 61 ಕಂತು) ಸರಣಿಯಲ್ಲಿ ಮಣ್ಣು, ಕಲ್ಲುಗಳನ್ನು ಆಡಿಸಬಲ್ಲ ಹುಡುಗಿ ಟಾಫ್‌ಗೆ ಕಣ್ಣು ಕಾಣದು. ಅಂಗಾಲಿಗೆ ತಾಗುವ ನೆಲದ ಕಂಪನವೇ ಅವಳ ನೋಟ. ಮರಳಿನಲ್ಲಿ ಅದು ಮಸುಕಾಗುತ್ತದೆ. ಮರುಭೂಮಿಯಲ್ಲಿ ಮುಳುಗುವ ಗ್ರಂಥಾಲಯವನ್ನು ಹಿಡಿದು ನಿಲ್ಲಿಸುತ್ತಿರುವಾಗಲೇ ಕಳ್ಳರು ಅಪ್ಪಾ ಎಂಬ ಹಾರುವ ಕಾಡುಕೋಣವನ್ನು ಒಯ್ಯುತ್ತಾರೆ, ಅವಳಿಂದ ತಡೆಯಲಾಗುವುದಿಲ್ಲ. ಅದೇ ಸೀಸನ್ನಿನ ಕೊನೆಗೆ ಲೋಹದ ಪೆಟ್ಟಿಗೆಯಲ್ಲಿ ಸೆರೆಯಾದಾಗ, ಲೋಹದೊಳಗೆ ಉಳಿದ ಮಣ್ಣಿನಂಶವನ್ನು ಗುರುತಿಸಿ ಪೆಟ್ಟಿಗೆ ಸೀಳುತ್ತಾಳೆ. ಹಳೆಯ ಗ್ರಹಿಕೆಯೇ ಹರಿತವಾಯಿತು, ಆದ್ದರಿಂದ ನಂಬುತ್ತೇವೆ. ಸರಣಿಯ ಮುಕ್ತಾಯ ಅಷ್ಟು ಗಟ್ಟಿಯಿಲ್ಲ. ಕಥಾನಾಯಕ ಆಂಗ್‌ನ ಬೆನ್ನಿನ ಗಾಯಕ್ಕೆ ಬಂಡೆ ತಾಗಿದ್ದೇ ತಡ, ಕಳೆದುಹೋದ ಶಕ್ತಿ ಮರಳುತ್ತದೆ. ಎದುರಾಳಿಯ ಶಕ್ತಿ ಕಿತ್ತುಕೊಳ್ಳುವ ವಿದ್ಯೆಯೂ ಕೊನೆಯ ನಾಲ್ಕು ಕಂತುಗಳಲ್ಲೇ ಒದಗಿಬರುತ್ತದೆ.

‘ಡ್ರ್ಯಾಗನ್ ಬಾಲ್ ಝಡ್’ನ ತೊಂದರೆ ಬೇರೆ. ಅಲ್ಲಿ ಬಲಕ್ಕೆ ಅಂಕಿಯಿದೆ, ವಿಲನ್ ಫ್ರೀಜಾ ತನ್ನದು 5,30,000 ಎನ್ನುತ್ತಾನೆ. ಮುಂದಿನ ವಿಲನ್ ಅದನ್ನೂ ಮೀರಲೇಬೇಕು. ನಾಯಕ ಗೋಕು ಏರಿದಷ್ಟೂ ಯಾಮ್ಚಾನಂಥ ಹಳೆಯ ಜೊತೆಗಾರರು ಬದಿಗೆ ನಿಂತು ನೋಡುವವರಾಗುತ್ತಾರೆ.

ಕರ್ಣನ ಶಕ್ತ್ಯಾಯುಧವನ್ನು ನೆನೆಯಿರಿ. ಕವಚ ಕುಂಡಲ ಕೊಟ್ಟು ಪಡೆದದ್ದು, ಒಂದೇ ಸಲ ಎಸೆಯಬಹುದು, ಅರ್ಜುನನಿಗೆಂದು ಇಟ್ಟದ್ದು ಘಟೋತ್ಕಚನಿಗೆ ಹೋಯಿತು. ಮಿತಿ ಮೊದಲೇ ತಿಳಿದಿರುವುದರಿಂದಲೇ ಆ ರಾತ್ರಿ ಅಷ್ಟು ಕಾಡುತ್ತದೆ.

ಕಾಮಿಕ್ಸ್ ಬಿಡಿಸುವ ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಅಭ್ಯಾಸ ಮಾಡಿಸಬಹುದು. ಪಾತ್ರಕ್ಕೊಂದು ಪುಟ: ಬಲ ಒಂದು, ಆಗದ ಕೆಲಸ ಎರಡು, ಬಲ ಬಳಸಿದರೆ ಕಳೆದುಕೊಳ್ಳುವುದು ಒಂದು. ಮಿತಿ ಮೀರುವ ಮುನ್ನ ಅದೇ ಮಿತಿಯಿಂದ ಒಮ್ಮೆ ಸೋಲಬೇಕು. ಬಲವಿಲ್ಲದವನಿಗೂ ಅವನಿಂದಲೇ ಆಗುವ ಕೆಲಸವಿರಲಿ. ಸೂರ್ಯಗ್ರಹಣದ ಎಂಟು ನಿಮಿಷ ಶತ್ರುಗಳ ಬೆಂಕಿವಿದ್ಯೆ ನಡೆಯದೆಂದು ತಿಳಿದು ದಾಳಿಯ ಯೋಜನೆ ಹಾಕಿದ, ‘ಅವತಾರ್’ ಸರಣಿಯ ಸೊಕ್ಕಾನಿಗೆ ಯಾವ ವಿದ್ಯೆಯೂ ಬಾರದು. ಇಂಥ ಪುಟಗಳಿಗೆ ನಿಮ್ಮ ಮಕ್ಕಳ ಪುರವಣಿಯಲ್ಲಿ ವಾರಕ್ಕೊಂದು ಅಂಕಣ ಕೊಡಬೇಕೆಂದು ಕೋರುತ್ತೇವೆ.

– ಆನಿಮೇಷನ್ ಆಸಕ್ತರು, ಕುಂಬಳೆ, ಕಾಸರಗೋಡು