ಆಗಸ್ಟ್ ಬಂತು, ಗುಡ್ಡ ಹತ್ತೋಣ

ಎಲ್ಲರಿಗೂ ನಮಸ್ಕಾರ.

ಊರಿಂದ ಅಪ್ಪ ಅಮ್ಮ ಬಂದರೆ ನಾವು ತೋರಿಸುವ ನೆದರ್‌ಲ್ಯಾಂಡ್ಸ್ ಯಾವುದು ಹೇಳಿ? ಏಪ್ರಿಲ್ ಆದರೆ ಕ್ಯೂಕೆನ್‌ಹಾಫ್‌ನ ಟ್ಯುಲಿಪ್. ಇಲ್ಲದಿದ್ದರೆ ಗೀತ್‌ಹೋರ್ನ್‌ನ ದೋಣಿ, ಕಿಂಡರ್‌ಡೈಕ್‌ನ ಗಾಳಿಗಿರಣಿ. ನೀರು, ಬಯಲು, ಹಸು. ಅವರು ಊರಿಗೆ ಹೋಗಿ "ಅಲ್ಲಿ ಒಂದು ದಿಬ್ಬ ಕೂಡ ಇಲ್ಲ ಕಣ್ರೀ" ಅನ್ನುತ್ತಾರೆ. ಇಲ್ಲೇ ಇರುವ ನಾವೂ ಅದನ್ನೇ ನಂಬಿಕೊಂಡಿದ್ದೇವೆ. ಸೈಕಲ್ ಎಲ್ಲರ ಮನೆಯಲ್ಲೂ ಇದೆ. ಅದು ಹೋಗುವುದು ಮಕ್ಕಳ ಶಾಲೆಗೆ, ಸ್ಟೇಷನ್ನಿಗೆ, ತರಕಾರಿ ತರುವುದಕ್ಕೆ, ಅಷ್ಟೇ. ಹಾಗಾಗಿ ಈ ಸಂಚಿಕೆಯಲ್ಲಿ ನನ್ನದೊಂದು ಒತ್ತಾಯ. ಈ ತಿಂಗಳು ಒಂದು ದಿನ ಅದನ್ನು ವೇಲುವೆ ಕಡೆ ತಿರುಗಿಸಿ. ಕಾರಿನಲ್ಲಿ ಹೋದರೆ ಆಗಲ್ವಾ ಅಂತ ಕೇಳುವವರಿದ್ದೀರಿ. ಆಗುತ್ತೆ. ಪಾರ್ಕಿಂಗ್ ಜಾಗ ನೋಡಿಕೊಂಡು ವಾಪಸ್ ಬರಬಹುದು.

ವೇಲುವೆ ಅಂದರೆ ಆರ್ನ್‌ಹೆಮ್, ಏಡೆ, ಆಪಲ್‌ಡೋರ್ನ್ ಊರುಗಳ ನಡುವೆ, ಸುತ್ತಮುತ್ತ ಹರಡಿರುವ ಸುಮಾರು 1000 ಚದರ ಕಿಲೋಮೀಟರ್ ಕಾಡು, ಮರಳು ಮತ್ತು ಹೀದರ್ ಎಂಬ ಕುರುಚಲು ಗಿಡದ ಬಯಲು. ಇಲ್ಲಿ ಗುಡ್ಡಗಳಿವೆ, ನಿಜವಾಗಿಯೂ ಇವೆ. ಸುಮಾರು 1,50,000 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಇಳಿದು ಬಂದ ಹಿಮದ ರಾಶಿ, ರೈನ್ ಮತ್ತು ಮಾಸ್ ನದಿಗಳು ಹರಡಿದ್ದ ಮರಳು, ಜಲ್ಲಿಕಲ್ಲನ್ನೆಲ್ಲ ಮುಂದಕ್ಕೆ ತಳ್ಳಿ ಗುಡ್ಡೆ ಹಾಕಿತು. ಹಿಮ ಕರಗಿತು, ಗುಡ್ಡೆ ಉಳಿಯಿತು. ಅತಿ ಎತ್ತರದ ಜಾಗ 110 ಮೀಟರ್. ಕುದುರೆಮುಖ ನೋಡಿದವರಿಗೆ ನಗು ಬರಬಹುದು. ಗೇರ್ ಇಲ್ಲದ ಸೈಕಲ್ಲಿನಲ್ಲಿ ಹತ್ತಿ ನೋಡಿ, ಆಮೇಲೆ ನಗೋಣ.

ಈಗ ಆಗಸ್ಟ್ ಯಾಕೆ ಅಂದರೆ, ಹೀದರ್ ಹೂ ಬಿಡುವುದು ಈಗಲೇ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಗುಡ್ಡದ ಮೈಯೆಲ್ಲ ನೇರಳೆ. ದೂರದಿಂದ ಫೋಟೋ ತೆಗೆದು ಹೊರಟುಬಿಡಬೇಡಿ. ಸೈಕಲ್ ನಿಲ್ಲಿಸಿ ಬಗ್ಗಿ ನೋಡಿ. ಮೊಣಕಾಲೆತ್ತರದ ಗಿಡ, ಒರಟು ಕಡ್ಡಿ, ಎಲೆ ಅಂತ ಹೇಳಲಾಗದಷ್ಟು ಸಣ್ಣ ಎಲೆ. ಹೂ ಅಕ್ಕಿಕಾಳಿಗಿಂತ ಚಿಕ್ಕದು. ಒಂದೊಂದು ಕಡ್ಡಿಯ ತುಂಬ ಸಾಲಾಗಿ ಅಂಟಿಕೊಂಡಿರುತ್ತದೆ. ಹತ್ತಿರ ಹೋದರೆ ಜೇನುನೊಣದ ಗುಂಯ್ ಸದ್ದು. ಜೇನು ಸಾಕುವವರು ಈ ಸಮಯಕ್ಕೆಂದೇ ಪೆಟ್ಟಿಗೆಗಳನ್ನು ತಂದು ಬಯಲಿನ ಅಂಚಿನಲ್ಲಿ ಇಡುತ್ತಾರೆ. ಈ ಹೂವಿನ ಜೇನು ಗಟ್ಟಿ. ಬೇರೆ ಜೇನಿನ ಹಾಗೆ ಗೂಡಿನ ಎರಿಯನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ಸುರಿಯುವುದಿಲ್ಲ, ಹಿಂಡಿ ತೆಗೆಯಬೇಕು.

ಇದನ್ನೆಲ್ಲ ನೋಡಿ "ಎಂಥ ಕಾಡು ಸೊಬಗು" ಅನ್ನುವ ಮೊದಲು ಒಂದು ವಿಷಯ. ಈ ಬಯಲು ಕಾಡಿನದಲ್ಲ, ರೈತರದು. ಮರಳು ನೆಲದಲ್ಲಿ ಬೆಳೆ ಏಳುತ್ತಿರಲಿಲ್ಲ, ಗೊಬ್ಬರ ಬೇಕಿತ್ತು. ಹಗಲು ಕುರಿಗಳನ್ನು ಹೀದರ್ ಬಯಲಲ್ಲಿ ಮೇಯಿಸಿ ರಾತ್ರಿ ದೊಡ್ಡಿಗೆ ತರುತ್ತಿದ್ದರು. ಬಯಲಿನ ಮೇಲ್ಮಣ್ಣನ್ನೇ ಗಿಡಬೇರು ಸಮೇತ ಹೆಂಟೆಹೆಂಟೆಯಾಗಿ ಕಡಿದು ತಂದು ದೊಡ್ಡಿಯಲ್ಲಿ ಹಾಸುತ್ತಿದ್ದರು. ಕುರಿ ತುಳಿದು, ಹಿಕ್ಕೆ ಗಂಜಲ ಸೇರಿ ಗೊಬ್ಬರವಾದ ಮೇಲೆ ಅದು ಹೊಲಕ್ಕೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಆ ಗೊಬ್ಬರವನ್ನು ಅಡಿಕೆ ತೋಟಕ್ಕೆ ಹಾಕುವ ಲೆಕ್ಕವೇ ಇದು. ವ್ಯತ್ಯಾಸ ಅಂದರೆ ಇಲ್ಲಿಯವರು ಮಣ್ಣನ್ನೂ ಬಿಡಲಿಲ್ಲ. ಕೆಲವು ಕಡೆ ಅತಿಯಾಗಿ ಕಡಿದು, ಅತಿಯಾಗಿ ಮೇಯಿಸಿ, ಬರೀ ಮರಳು ಉಳಿದು ಗಾಳಿಗೆ ಹಾರತೊಡಗಿತು. ಕೋತ್‌ವೈಕ್ ಹತ್ತಿರ ಈಗಲೂ ಸುಮಾರು 700 ಹೆಕ್ಟೇರ್ ಅಂಥ ಮರಳುಗಾಡಿದೆ. ಮಕ್ಕಳಿಗೆ ಬಹಳ ಇಷ್ಟವಾಗುವ ಜಾಗ.

ಹತ್ತೊಂಬತ್ತನೇ ಶತಮಾನದ ಕೊನೆಗೆ ರಾಸಾಯನಿಕ ಗೊಬ್ಬರ ಬಂತು, ಆಸ್ಟ್ರೇಲಿಯಾದಿಂದ ಅಗ್ಗದ ಉಣ್ಣೆ ಬಂತು. ಕುರಿಯೂ ಬೇಡ, ಹೀದರೂ ಬೇಡ ಅಂತಾಯಿತು. 1899ರಲ್ಲಿ ಶುರುವಾದ ಸರ್ಕಾರಿ ಅರಣ್ಯ ಇಲಾಖೆ ಪೈನ್ ನೆಡುತ್ತ ಹೋಯಿತು. ಇವತ್ತು ಉಳಿದಿರುವ ಬಯಲನ್ನು ಸುಮ್ನೆ ಬಿಟ್ಟರೆ ಬರ್ಚ್, ಪೈನ್ ಎದ್ದು ಕೆಲವೇ ವರ್ಷಗಳಲ್ಲಿ ಮುಚ್ಚಿಬಿಡುತ್ತವೆ. ಅದಕ್ಕೇ ಈಗಲೂ ಕುರಿಗಾಹಿಗಳಿದ್ದಾರೆ. ಉಣ್ಣೆಗಿಂತ ಜಾಸ್ತಿ, ಬಯಲು ಬಯಲಾಗಿಯೇ ಇರಲಿ ಅಂತ ಅವರಿಗೆ ಕೆಲಸ. 2019ರಿಂದ ತೋಳಗಳೂ ಇಲ್ಲಿ ಮರಿ ಹಾಕುತ್ತಿವೆ, ಹಾಗಾಗಿ ಕುರಿಗಾಹಿಗಳಿಗೆ ರಾತ್ರಿಯ ಚಿಂತೆ ಬೇರೆ.

ಅದೇ 2019ರ ಅಕ್ಟೋಬರ್‌ನಲ್ಲಿ ರೈತರು ಟ್ರ್ಯಾಕ್ಟರ್ ತಂದು ಸಂಸತ್ತಿರುವ ಹೇಗ್ ನಗರಕ್ಕೆ ನುಗ್ಗಿದ್ದು, ಹೈವೇ ಎಲ್ಲ ಜಾಮ್ ಆಗಿದ್ದು ನಿಮಗೆ ನೆನಪಿರಬಹುದು. ಆ ಜಗಳದ ಮೂಲ ಸಾರಜನಕ, ಇವರ ಭಾಷೆಯಲ್ಲಿ ಸ್ಟಿಕ್‌ಸ್ಟೋಫ್. ಹಸು, ಹಂದಿ, ಕೋಳಿ ಸಾಕಣೆಯ ಗೊಬ್ಬರದಿಂದ ಏಳುವ ಅಮೋನಿಯಾ ಈ ಬಡ ಮಣ್ಣಿನ ಮೇಲೆ ಇಳಿದಾಗ ಹುಲ್ಲು ಸೊಕ್ಕುತ್ತದೆ, ಹೀದರ್ ಸೊರಗುತ್ತದೆ. ಅದನ್ನು ತಗ್ಗಿಸಲು ಸಾಕಣೆ ಕಮ್ಮಿ ಮಾಡಬೇಕು ಅನ್ನುವ ಮಾತಿಗೇ ರೈತರ ಸಿಟ್ಟು. 2018ರ ಬರದ ಬೇಸಿಗೆಯಲ್ಲಂತೂ ಎಷ್ಟೋ ಕಡೆ ಗಿಡ ಒಣಗಿ ಕಂದಾಗಿತ್ತು. ನೇರಳೆಯ ನಡುವೆ ಬಿಳಿಚಿಕೊಂಡ ಹುಲ್ಲಿನ ತೇಪೆ ಕಂಡರೆ ಅದು ಯಾವ ಸುದ್ದಿಯ ತುಣುಕು ಅಂತ ಈಗ ಗೊತ್ತಾಯಿತಲ್ಲ. ಸೈಕಲ್ಲಿನ ವೇಗದಲ್ಲಿ ಇದೆಲ್ಲ ಕಣ್ಣಿಗೆ ಬೀಳುತ್ತದೆ.

ದಾರಿ ತಪ್ಪುವ ಭಯ ಬೇಡ. ಇಲ್ಲಿಯ ಕ್ನೋಪ್‌ಪುಂಟ್ ವ್ಯವಸ್ಥೆ ನನಗೆ ಈ ದೇಶದಲ್ಲಿ ತುಂಬ ಇಷ್ಟವಾದ ಸಂಗತಿಗಳಲ್ಲಿ ಒಂದು. ದಾರಿಗಳು ಸೇರುವ ಕಡೆಯಲ್ಲೆಲ್ಲ ಒಂದು ಸಂಖ್ಯೆ, ಮುಂದಿನ ಸಂಖ್ಯೆಗೆ ಬಾಣದ ಗುರುತು, ದೊಡ್ಡ ನಕ್ಷೆಯ ಹಲಗೆ. ಹೋಗಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಮುಗಿಯಿತು, ಫೋನ್ ಜೇಬಿನಲ್ಲಿರಲಿ. ಇದು ಡಚ್ಚರ ತಲೆಯಿಂದ ಬಂದಿದ್ದೂ ಅಲ್ಲ. ಬೆಲ್ಜಿಯಂನ ಲಿಂಬರ್ಗ್‌ನ ಗಣಿ ಎಂಜಿನಿಯರ್ ಹ್ಯೂಗೋ ಬೊಲೆನ್ ಅವರ ಉಪಾಯ, 1995ರಲ್ಲಿ ಅಲ್ಲಿ ಮೊದಲು ಜಾರಿಗೆ ಬಂತು. ಅದಕ್ಕೂ ಹಳೆಯದು ದಾರಿ ಬದಿಯ ಬಿಳಿ ಅಣಬೆ, ಅಂದರೆ ಊರಿನ ದಿಕ್ಕು ತೋರಿಸುವ ಕಂಬ. ಮೋಟಾರು ಕೆಟ್ಟಾಗ ನಾವು ಫೋನ್ ಮಾಡುವ ಎಎನ್‌ಡಬ್ಲ್ಯೂಬಿ 1883ರಲ್ಲಿ ಹುಟ್ಟಿದ್ದು ಸೈಕಲ್ ಸವಾರರ ಸಂಘವಾಗಿ. ಅಣಬೆಯಾಕಾರದ ಈ ಗಿಡ್ಡ ಕಂಬಗಳನ್ನು 1919ರಿಂದ ನಿಲ್ಲಿಸುತ್ತ ಬಂದವರು ಅವರೇ.

ಮೊದಲ ಸಲ ಹೋಗುವವರಿಗೆ, ಮಕ್ಕಳಿರುವವರಿಗೆ ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನವೇ ಸರಿ. ಒಳಗೆ ಹೋಗಲು ಟಿಕೆಟ್ ಇದೆ, ಆದರೆ ಬಾಗಿಲಲ್ಲಿ ನಿಂತಿರುವ ಬಿಳಿ ಸೈಕಲ್‌ಗಳಿಗೆ ದುಡ್ಡಿಲ್ಲ. ಗೇರ್ ಇಲ್ಲ, ಬೀಗವೂ ಇಲ್ಲ. ಬ್ರೇಕ್ ಹಾಕಲು ಪೆಡಲ್ ಹಿಂದಕ್ಕೆ ತುಳಿಯಬೇಕು. ಇಳಿಜಾರು ಬರುವ ಮೊದಲು ಇದನ್ನು ಅಭ್ಯಾಸ ಮಾಡಿಕೊಳ್ಳಿ, ದಯವಿಟ್ಟು. ನಡುವೆ ಕ್ರೊಲರ್ ಮ್ಯುಲರ್ ಮ್ಯೂಸಿಯಂ ಇದೆ. ವ್ಯಾನ್ ಗಾಗ್ ಚಿತ್ರಗಳ ಸಂಗ್ರಹದಲ್ಲಿ ಆಮ್ಸ್‌ಟರ್‌ಡ್ಯಾಮ್ ಬಿಟ್ಟರೆ ಇದೇ ದೊಡ್ಡದು. ಮಳೆ ಬಂದರೆ ಇದಕ್ಕಿಂತ ಒಳ್ಳೆಯ ಸೂರು ಸಿಗುವುದಿಲ್ಲ.

ಕಾಲಿನಲ್ಲಿ ಕಸುವು ಇರುವವರು ರೇಡೆನ್ ಸ್ಟೇಷನ್ನಿನಲ್ಲಿ ಇಳಿದು ಪೋಸ್‌ಬಾಂಕ್ ಹತ್ತಿ. 1930ರಷ್ಟು ಹಿಂದೆಯೇ ಶುರುವಾದ ವೇಲುವೆಜೋಮ್ ಉದ್ಯಾನದ ಗುಡ್ಡ ಅದು, 90 ಮೀಟರ್ ಎತ್ತರ. ರಸ್ತೆ ಅಂಕುಡೊಂಕಾಗಿ ಏರುತ್ತದೆ, ಕಾರುಗಳೂ ಅದರಲ್ಲೇ ಬರುತ್ತವೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಮಧ್ಯದಲ್ಲಿ ಇಳಿಸಹೋದರೆ ಚೈನ್ ಕಳಚುತ್ತದೆ, ನಾಲ್ಕು ಜನರ ಎದುರು ಕೈ ಕಪ್ಪಾಗುತ್ತದೆ. ಮೇಲೆ ನಿಂತರೆ ಕೆಳಗೆ ಐಸೆಲ್ ನದಿಯ ಬಯಲು. ಭಾನುವಾರ ಮಾತ್ರ ಬೇಡ. ರೇಸಿಂಗ್ ಸೈಕಲ್ಲಿನವರು ಹಿಂದಿನಿಂದ ಕೂಗುತ್ತ ಬರುವ ಗದ್ದಲದಲ್ಲಿ ಹೂ ನೋಡಲು ಪುರಸೊತ್ತೇ ಇರುವುದಿಲ್ಲ. ಇದೂ ಸಾಲದು ಅನ್ನುವವರಿಗೆ ನೆದರ್‌ಲ್ಯಾಂಡ್ಸ್‌ನದೇ ಆದ ದಕ್ಷಿಣದ ಲಿಂಬರ್ಗ್ ಇದೆ. ಅಲ್ಲಿ ಹೀದರ್ ಕಮ್ಮಿ, ಏರು ಜಾಸ್ತಿ.

ಇ-ಬೈಕ್ ತರಬಹುದೇ ಅಂತ ಒಬ್ಬರು ಸಂಕೋಚದಿಂದ ಕೇಳಿದರು. ಧಾರಾಳವಾಗಿ ತನ್ನಿ. ಎಪ್ಪತ್ತು ದಾಟಿದ ಡಚ್ ಅಜ್ಜ ಅಜ್ಜಿಯರು ಅದರಲ್ಲೇ ನಮ್ಮನ್ನು ಹಿಂದೆ ಹಾಕಿ, ಕೈ ಬೀಸಿ ಹೋಗುತ್ತಾರೆ. ನಾವೇಕೆ ನಾಚಿಕೊಳ್ಳಬೇಕು? ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ತೆಗೆದುಕೊಳ್ಳಿ. ಮಡಚುವ ಸೈಕಲ್ ಆದರೆ ಬೇಡ.

ಇನ್ನೊಂದು ಮಾತು, ಇದು ತಮಾಷೆಯದಲ್ಲ. ಹೀದರ್ ಗಿಡಗಳ ನಡುವೆ ಕಂಬಳಿ ಹಾಸಿ ಬುತ್ತಿ ಬಿಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಉಣುಗು ಇರುತ್ತದೆ. ಮಂಗನ ಕಾಯಿಲೆಯ ಹೆಸರು ಕೇಳಿ ಬೆಳೆದ ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಮನೆಗೆ ಬಂದ ಮೇಲೆ ಮಕ್ಕಳ ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂಬದಿ ನೋಡಿ. ಕಂಡರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ಎಳೆದು ತೆಗೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ.

ಹೋಗಿ ಬಂದವರು ನಿಮ್ಮ ದಾರಿಯ ಕ್ನೋಪ್‌ಪುಂಟ್ ಸಂಖ್ಯೆಗಳನ್ನು ನಮಗೆ ಬರೆದು ಕಳಿಸಿ. ಎಲ್ಲಿ ಕಾಫಿ ಚೆನ್ನಾಗಿತ್ತು, ಎಲ್ಲಿ ಇಳಿದು ತಳ್ಳಬೇಕಾಯಿತು ಅನ್ನುವುದನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಒಂದು ಪುಟ ಖಾಲಿ ಇಟ್ಟಿದ್ದೇವೆ.

ಸಂಪಾದಕರು