ಮಗಳಿಗೊಂದು ಪತ್ರ: ಮಾತಿನ ಕೊನೆ ನುಂಗಬೇಡ

ಗದಗ

ಪ್ರೀತಿಯ ಮಗಳೇ,

ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದ್ದು ಕೇಳಿ ಹೊಟ್ಟೆ ತಣ್ಣಗಾಯಿತು. ನಿನ್ನ ಅಜ್ಜಿ ಓಣಿ ತುಂಬ ಸಕ್ಕರೆ ಹಂಚಿ ಬಂದಳು. ಆದರೆ ನೀನು ಫೋನಿನಲ್ಲಿ ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. 'ಕಂಪನಿ ನಾಟಕದ ಆ್ಯಕ್ಟಿಂಗ್ ಎಲ್ಲಾ ಮರೆತುಬಿಡು' ಅಂತ ಸೀರಿಯಲ್‌ನವರು ಅಂದರಂತಲ್ಲ. ಎಲ್ಲಾ ಮರೆಯಬೇಡ ಅಂತ ಹೇಳುವುದಕ್ಕೇ ಈ ಪತ್ರ.

ಅವರ ಮಾತು ಅರ್ಧ ನಿಜ. ಊರೂರು ತಿರುಗಿ ನಾಟಕ ಆಡುವ ಕಂಪನಿಯವರು ನಾವು, ಜೋರಾಗಿ ಮಾತಾಡುತ್ತೇವೆ. ತಗಡಿನ ಥೇಟರು, ಹೊರಗೆ ಜನರ ಗದ್ದಲ. ಬನಶಂಕರಿ ಜಾತ್ರೆಯಲ್ಲಾದರೆ ಪಕ್ಕದಲ್ಲೇ ಇನ್ನೊಂದು ಕಂಪನಿಯ ಮೈಕು. ಕೊನೆಯ ಸಾಲಿನವನೂ ದುಡ್ಡು ಕೊಟ್ಟೇ ಬಂದಿರುತ್ತಾನೆ, ಅವನಿಗೆ ಮಾತು ಮುಟ್ಟಬೇಕು. ಕ್ಯಾಮೆರಾ ನಿನ್ನ ಮುಖದ ಹತ್ತಿರವೇ ಇರುತ್ತದೆ. ಅಲ್ಲಿ ದನಿ ಇಳಿಸು, ಕೈ ಬೀಸುವುದು ಬಿಡು. ಉಸಿರಿನ ಮೇಲಿನ ಹಿಡಿತ ಮಾತ್ರ ಬಿಡಬೇಡ.

ನನಗೆ ಇದನ್ನು ಕಲಿಸಿದವರು ನಾಟಕಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ನಮ್ಮ ಪೇಟಿ ಮಾಸ್ತರು. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ಮಾತಿನ ಕೊನೆಗೇ ಬರುತ್ತದೆ, ಅಲ್ವಾ? 'ಈ ಮನೆಯ ಹೊಸ್ತಿಲು ಇನ್ನೊಮ್ಮೆ ತುಳಿ...' ಅಂದು ಉಸಿರು ಕಳೆದುಕೊಂಡರೆ, ಇವಳು ತುಳಿಯುತ್ತಾಳೋ ಇಲ್ಲವೋ ಹಿಂದೆ ಕೂತವರಿಗೆ ಹೇಗೆ ತಿಳಿಯಬೇಕು? ಮಾಸ್ತರು ಕಾಲುಪೇಟಿ ತುಳಿಯುತ್ತಾ ಒಂದೇ ಸ್ವರ ಹಿಡಿಯುತ್ತಿದ್ದರು. ಅದು ನಿಲ್ಲುವವರೆಗೆ ನನ್ನ ಮಾತು ಒಂದೇ ಉಸಿರಿನಲ್ಲಿ ನಡೆಯಬೇಕು. ಕೊನೆಯ ಅಕ್ಷರ ಮೊದಲ ಅಕ್ಷರದಷ್ಟೇ ಸ್ವಚ್ಛ ಕೇಳಬೇಕು. ಕೇಳದಿದ್ದರೆ 'ಮತ್ತ ಹೇಳವಾ' ಅನ್ನುತ್ತಿದ್ದರು, ಸಿಟ್ಟು ಮಾಡುತ್ತಿರಲಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ನನ್ನ ಕೈಯಿಂದಲೇ ಪೆನ್ಸಿಲ್ ಗೆರೆ ಹಾಕಿಸುತ್ತಿದ್ದರು.

ಅಳುವ ಸೀನಿನಲ್ಲಿ ಇದು ಇನ್ನೂ ಕಷ್ಟ. ನಿಜಕ್ಕೂ ಅತ್ತುಬಿಟ್ಟರೆ ಗಂಟಲು ಕಟ್ಟುತ್ತದೆ, ಮಾತು ಹೋಗುತ್ತದೆ. ಅಳು ಒತ್ತರಿಸಿ ಬಂದರೂ ತಡೆದುಕೊಂಡು ಮಾತು ಮುಗಿಸುವವಳನ್ನು ನೋಡಿದಾಗಲೇ ಜನ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ಸೀನಿನ ಹಾಡಿಗೆ 'ಒನ್ಸ್ ಮೋರ್' ಬಿತ್ತು ಅಂದುಕೋ. ಮತ್ತೆ ಹಾಡಬೇಕು, ಹಾಡಿ ಅದೇ ದುಃಖಕ್ಕೆ ವಾಪಸ್ ಬರಬೇಕು. ನಿಮ್ಮ ರೀಟೇಕೂ ಹೆಚ್ಚುಕಡಿಮೆ ಹಾಗೇ. ಆಗ ಕಣ್ಣೀರನ್ನು ನೆನಪು ಮಾಡಿಕೊಳ್ಳಬೇಡ. ಉಸಿರು ಎಲ್ಲಿತ್ತು ಅನ್ನುವುದನ್ನು ನೆನಪು ಮಾಡಿಕೋ. ಮುಖ ತಾನಾಗಿಯೇ ಅಲ್ಲಿಗೆ ಬರುತ್ತದೆ.

ಇನ್ನು ಬಿಡಬೇಕಾದದ್ದು. ಈಗಿನ ಕಂಪನಿಗಳ ಡಬಲ್ ಮೀನಿಂಗ್ ಕಾಮಿಡಿ ನನಗೆ ಸೇರುವುದಿಲ್ಲ, ನಿನಗೆ ಗೊತ್ತು. ಗಲ್ಲಾ ತುಂಬುತ್ತದೆ ಅನ್ನುತ್ತಾರೆ. ತುಂಬಲಿ, ಆದರೆ ಹೆಣ್ಣುಮಕ್ಕಳನ್ನು ಮನೆಯಲ್ಲೇ ಬಿಟ್ಟು ಗಂಡಸರಷ್ಟೇ ನಾಟಕಕ್ಕೆ ಬರುವ ಹಾಗಾಯಿತು. ಸೀರಿಯಲ್‌ನಲ್ಲೂ ಅಂಥ ಮಾತು ಕೊಟ್ಟರೆ ಕೈಮುಗಿದು ಬೇಡ ಅನ್ನು.

ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಕ್ಯಾಂಪಿಗೆ ಹೋಗುತ್ತಿದ್ದೆ. ಊರೂರು ತಿರುಗುವ ಕಂಪನಿ ಮಕ್ಕಳಿಗೆ ಒಂದು ಶಾಲೆ ಅಂತ ಇರುವುದಿಲ್ಲ. ನೀನು ಒಂದೇ ಕಡೆ ನೆಲೆ ನಿಂತು ಓದಲಿ ಅಂತ ಯೋಚನೆ ಮಾಡಿಯೇ ಹಾಗೆ ಮಾಡಿದೆ. ರಜೆಗೆ ಬಂದಾಗ ನಿನಗೂ ಬಣ್ಣ ಹಚ್ಚಿದೆ. ಒಂದೂರಲ್ಲಿ 'ನಾಟಕದವರಿಗೆ ಮನಿ ಕೊಡೂದಿಲ್ಲ' ಅಂದದ್ದನ್ನು ನೀನೇ ಕೇಳಿದ್ದೀಯ. ಬೆಂಗಳೂರಿನಲ್ಲಿ ಯಾರಾದರೂ 'ಕಂಪನಿಯವಳ ಮಗಳು' ಅಂತ ಮೂಗು ಮುರಿದರೆ ತಲೆ ತಗ್ಗಿಸಬೇಡ. ಮರಾಠಿ ನಾಟಕಗಳ ಅಬ್ಬರದ ಕಾಲದಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಇದೇ ಗದುಗಿನಲ್ಲಿ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿಯದೇ. ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದರು, ಆಶ್ರಮದ ನಾಟಕ ಕಂಪನಿ ನಡೆಸಿದರು. ಆ ದುಡ್ಡು ಕಣ್ಣು ಕಾಣದ ಮಕ್ಕಳ ಊಟಕ್ಕೆ, ಸಂಗೀತ ಪಾಠಕ್ಕೆ ಹೋಯಿತು. ಹೆಂಗಸರು ರಂಗಕ್ಕೆ ಬರಲು ಹೆದರುತ್ತಿದ್ದ ಕಾಲದಲ್ಲಿ ಗಂಡಸರೇ ಸೀರೆ ಉಟ್ಟರು. ಏಣಗಿ ಬಾಳಪ್ಪನವರು ಹೆಣ್ಣುಪಾತ್ರದಿಂದ ಹೆಸರು ಮಾಡಿ, ಆಮೇಲೆ ಬಸವಣ್ಣನಾಗಿ ಜನರ ಮನಸ್ಸಿನಲ್ಲಿ ಕೂತರು. 1914ರಲ್ಲಿ ಹುಟ್ಟಿದವರು, 2017ರವರೆಗೆ ನಮ್ಮ ನಡುವೆ ಇದ್ದರು. ಲಕ್ಷ್ಮೇಶ್ವರದ ಬಚ್ಚಾಸಾನಿಯಂತೂ ತಮ್ಮದೇ ಕಂಪನಿ ಕಟ್ಟಿದ ಹೆಣ್ಣುಮಗಳು. ನಾನು ಅಂಥವರ ದಾರಿಯಲ್ಲಿ ನಡೆದವಳು, ನೀನೂ ಅದೇ ದಾರಿಯವಳು.

ಪಗಾರ ಎಷ್ಟು, ಯಾವಾಗ ಕೊಡುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೋ. ನಾಚಿಕೆ ಬೇಡ. ಶೂಟಿಂಗ್ ತಡವಾದರೆ ಊಟ ಬಿಡಬೇಡ, ಖಾಲಿ ಹೊಟ್ಟೆಯಲ್ಲಿ ಉಸಿರು ನಿಲ್ಲುವುದಿಲ್ಲ.

ಮೊದಲ ಸೀನಿನ ಹಾಳೆ ಕೈಗೆ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಉಸಿರಿನ ಗೆರೆ ನೀನೇ ಹಾಕು, ನಾನು ಹಾಕಿಕೊಡುವುದಿಲ್ಲ. ರಾತ್ರಿ ಫೋನ್ ಮಾಡಿ ಓದಿ ತೋರಿಸು. ಅಜ್ಜಿಗೆ ಕಿವಿ ಮಂದ ಆಗಿದೆ, ಅವಳ ಕೈಗೆ ಫೋನ್ ಕೊಡುತ್ತೇನೆ. ಕೊನೆಯ ಅಕ್ಷರ ಅವಳಿಗೆ ಕೇಳಿದರೆ ಸಾಕು.

ನಿನ್ನ
ಅವ್ವ